ಮಿಷನ್ನಿಗೆ ಚಿತ್ರ ಕಾಣುವುದಿಲ್ಲ: ಪ್ರಿಂಟ್ ಮಾಡಿದ ಚಿತ್ರವನ್ನು ಮನೆಯ ಕಟಿಂಗ್ ಮಿಷನ್ನಿನಲ್ಲಿ ಕತ್ತರಿಸುವ ಬಗೆ

ಮಗಳು ಬಿಡಿಸಿದ ಏರೋಪ್ಲೇನ್ ಚಿಟ್ಟೆಯ ಬಾಲ ತುಂಡಾಗಿತ್ತು. ಬಲಗಡೆ ರೆಕ್ಕೆಯ ತುದಿಯೂ ಹೋಗಿತ್ತು. ಎಡಗಡೆ ಮಾತ್ರ ಬೇಡವಾದಷ್ಟು ಬಿಳಿ ಕಾಗದ ಉಳಿದುಕೊಂಡಿತ್ತು. ಅವಳು ಅದನ್ನು ಕೈಯಲ್ಲಿ ಹಿಡಿದು, ಆಚೆ ಈಚೆ ತಿರುಗಿಸಿ ನೋಡಿ, "ಅಮ್ಮಾ, ನಿನ್ನ ಮಿಷನ್ನಿಗೆ ಕಣ್ಣು ಕಾಣಲ್ವಾ?" ಅಂದಳು.

ತಮಾಷೆಗೆ ಅಂದ ಮಾತು. ಆದರೆ ನಿಜ ಅದೇ. ಅಲ್ಲಿಯವರೆಗೆ ನಾನು, ಕಂಪ್ಯೂಟರಿನಲ್ಲಿ ಕೊಟ್ಟ ಆಕಾರಕ್ಕೆ ಕಾಗದ, ಸ್ಟಿಕರ್ ಹಾಳೆ ಕತ್ತರಿಸುವ ಈ ಮಿಷನ್ ಚಿತ್ರವನ್ನು ನೋಡಿ ಅದರ ಅಂಚಿನ ಮೇಲೆ ಬ್ಲೇಡ್ ಓಡಿಸುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಹೆಚ್ಚಿನ ಮಿಷನ್ನುಗಳು ಚಿತ್ರವನ್ನು ನೋಡುವುದೇ ಇಲ್ಲ. ಕಾಗದದ ಮೇಲೆ ಚಿತ್ರದ ಜೊತೆ ಪ್ರಿಂಟ್ ಆಗಿರುವ ಕಪ್ಪು ಗುರುತುಗಳನ್ನು ಮಾತ್ರ ನೋಡುತ್ತವೆ. ಗುರುತು ಎಲ್ಲಿದೆ ಅಂತ ಗೊತ್ತಾದರೆ, ಅಲ್ಲಿಂದ ಇಷ್ಟು ದೂರಕ್ಕೆ ಚಿತ್ರ ಇರಬೇಕು ಅಂತ ಲೆಕ್ಕ ಹಾಕಿ ಕತ್ತರಿಸುತ್ತವೆ. ಅಲ್ಲಿ ಚಿತ್ರ ನಿಜವಾಗಿ ಇದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ. ಖಾಲಿ ಹಾಳೆಯಲ್ಲಿ ಬರೀ ಗುರುತು ಇದ್ದರೂ ಅಷ್ಟೇ ಶ್ರದ್ಧೆಯಿಂದ ಚಿಟ್ಟೆ ಕತ್ತರಿಸಿ ಕೊಡುತ್ತದೆ.

ಈ ಒಂದು ವಿಷಯ ತಲೆಗೆ ಹೋದ ಮೇಲೆ ನನಗೆ ಉಳಿದಿದ್ದೆಲ್ಲ ಸುಲಭವಾಯಿತು. ಯಾವುದೇ ತೊಂದರೆ ಬಂದರೂ ಈಗ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಗುರುತಿಗೂ ಚಿತ್ರಕ್ಕೂ ನಡುವೆ ಇದ್ದ ಅಂತರ ಎಲ್ಲಿ ತಪ್ಪಿತು?

ಗುರುತುಗಳ ಕಥೆ

ಮಿಷನ್ನಿಂದ ಮಿಷನ್ನಿಗೆ ಗುರುತು ಬೇರೆ. ಕ್ರಿಕಟ್ ಕಂಪನಿಯ ಮಿಷನ್ನುಗಳ ಡಿಸೈನ್ ಸ್ಪೇಸ್ ಸಾಫ್ಟ್‌ವೇರ್ ಚಿತ್ರಗಳ ಸುತ್ತ ಕಪ್ಪು ಗೆರೆಯ ಗುರುತು ಹಾಕುತ್ತದೆ. ಈ ಕೆಲಸಕ್ಕೆ ಅವರು ಇಟ್ಟಿರುವ ಹೆಸರು ಪ್ರಿಂಟ್ ದೆನ್ ಕಟ್. ಸಿಲೂಯೆಟ್ ಕಂಪನಿಯ ಮಿಷನ್ನುಗಳಲ್ಲಿ ಹಾಳೆಯ ಎಡ ಮೇಲ್ತುದಿಗೆ ಒಂದು ಚಿಕ್ಕ ಕಪ್ಪು ಚೌಕ, ಇನ್ನೆರಡು ಮೂಲೆಗಳಲ್ಲಿ ಮೂಲೆಮಟ್ಟದ ಆಕಾರದ ಗೆರೆ ಬರುತ್ತವೆ. ಬ್ಲೇಡ್ ಹಿಡಿದು ಓಡಾಡುವ ಭಾಗದ ಕೆಳಗೆ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದು ಬೆಳಕು ಬಿಟ್ಟು, ಕಪ್ಪು ಯಾವುದು ಬಿಳಿ ಯಾವುದು ಅಂತ ಹುಡುಕುತ್ತದೆ. ಹಾಳೆ ಸ್ವಲ್ಪ ಓರೆಯಾಗಿ ಅಂಟಿದ್ದರೆ ಗುರುತುಗಳಿಂದಲೇ ಅದಕ್ಕೆ ಗೊತ್ತಾಗುತ್ತದೆ. ತಾನೂ ಅಷ್ಟೇ ಓರೆಯಾಗಿ ಕತ್ತರಿಸುತ್ತದೆ.

ಬ್ರದರ್ ಕಂಪನಿಯ ಸ್ಕ್ಯಾನ್‌ಎನ್‌ಕಟ್ ಮಾತ್ರ ಬೇರೆ ಜಾತಿ. ಅದರೊಳಗೇ ಸ್ಕ್ಯಾನರ್ ಇದೆ. ಹಾಳೆಯನ್ನು ಸ್ಕ್ಯಾನ್ ಮಾಡಿ ಚಿತ್ರದ ಅಂಚನ್ನು ತಾನೇ ಕಂಡುಹಿಡಿಯಬಲ್ಲದು. ಅದು ನಿಮ್ಮ ಹತ್ತಿರ ಇದ್ದರೆ ಗುರುತಿನ ತಲೆನೋವು ಅಷ್ಟಾಗಿ ಇಲ್ಲ. ಚಿತ್ರ, ಬ್ಲೇಡ್, ಅಂಟುಗಳ ಬಗ್ಗೆ ಕೆಳಗೆ ಬರೆದಿರುವುದನ್ನು ಓದಿಕೊಂಡರೆ ಸಾಕು.

ಚಿತ್ರ ತಯಾರಿ: ಇಲ್ಲಿ ಅವಸರ ಬೇಡ

ಬ್ಯಾಕ್‌ಗ್ರೌಂಡ್ ಇಲ್ಲದ ಪಿಎನ್‌ಜಿ ಫೈಲ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಗಾತ್ರದ ಲೆಕ್ಕ ಹೀಗೆ ಹಾಕಿ: ಪ್ರಿಂಟಿಗೆ ಇಂಚಿಗೆ 300 ಚುಕ್ಕೆ ಇದ್ದರೆ ಚೆನ್ನ. ಎರಡು ಇಂಚು, ಅಂದರೆ ಸುಮಾರು 5 ಸೆಂ.ಮೀ. ಅಗಲದ ಸ್ಟಿಕರ್ ಬೇಕು ಅಂದರೆ ಚಿತ್ರ 600 ಪಿಕ್ಸೆಲ್ ಅಗಲ ಇರಬೇಕು. ಮೊಬೈಲಿಗೆ ಯಾರೋ ಕಳಿಸಿದ 200 ಪಿಕ್ಸೆಲ್ ಚಿತ್ರವನ್ನು ಎಳೆದು ದೊಡ್ಡದು ಮಾಡಿದರೆ ಸ್ಕ್ರೀನಿನಲ್ಲಿ ಪರವಾಗಿಲ್ಲ ಅನ್ನಿಸುತ್ತದೆ. ಕಾಗದದ ಮೇಲೆ ಮಂಜು ಮಂಜಾಗಿ ಬರುತ್ತದೆ.

ಕೈಯಲ್ಲಿ ಬಿಡಿಸಿದ ಚಿತ್ರವಾದರೆ ಮೊಬೈಲಿನಲ್ಲಿ ಫೋಟೋ ತೆಗೆಯುವುದಕ್ಕಿಂತ ಸ್ಕ್ಯಾನ್ ಮಾಡುವುದು ಒಳ್ಳೆಯದು. ಫೋಟೋದಲ್ಲಿ ಒಂದು ಮೂಲೆ ಬೆಳಕು, ಒಂದು ಮೂಲೆ ನೆರಳು ಬರುತ್ತದೆ. ಆಮೇಲೆ ಬ್ಯಾಕ್‌ಗ್ರೌಂಡ್ ತೆಗೆಯುವಾಗ ಅಳಬೇಕಾಗುತ್ತದೆ. ನಾನು ಮಗಳ ಹುಳುಗಳ ಚಿತ್ರಗಳನ್ನು ಮೊದಲ ಸಲ ಫೋಟೋ ತೆಗೆದೇ ಹಾಕಿದ್ದೆ. ಬ್ಯಾಕ್‌ಗ್ರೌಂಡ್ ಹೋಗಿದೆ ಅಂತ ನನ್ನ ಕಣ್ಣಿಗೆ ಕಂಡಿತು. ಆದರೆ ಕಣ್ಣಿಗೆ ಬೀಳದಷ್ಟು ತಿಳಿ ಬೂದು ಚುಕ್ಕೆಗಳು ಅಲ್ಲಲ್ಲಿ ಉಳಿದಿದ್ದವು. ಸಾಫ್ಟ್‌ವೇರ್ ಪ್ರತಿ ಚುಕ್ಕೆಯನ್ನೂ ಒಂದೊಂದು ಚಿತ್ರ ಅಂದುಕೊಂಡಿತು. ಮಿಷನ್ ಶುರುವಾದ ಮೇಲೆ ಕೋಳಿ ಕಾಳು ಹೆಕ್ಕುವ ಹಾಗೆ ಟಕ್ ಟಕ್ ಟಕ್ ಅಂತ ಖಾಲಿ ಜಾಗದಲ್ಲೆಲ್ಲ ಕುಕ್ಕುತ್ತಾ ಹೋಯಿತು. ಹಾಳೆ ಜರಡಿಯಾಯಿತು.

ಈಗ ಒಂದು ಉಪಾಯ ಮಾಡುತ್ತೇನೆ. ಬ್ಯಾಕ್‌ಗ್ರೌಂಡ್ ತೆಗೆದ ಮೇಲೆ ಚಿತ್ರದ ಹಿಂದೆ ಕಡುಗೆಂಪು ಬಣ್ಣದ ದೊಡ್ಡ ಚೌಕ ಇಟ್ಟು ನೋಡುತ್ತೇನೆ. ಉಳಿದ ಚುಕ್ಕೆಗಳೆಲ್ಲ ಎದ್ದು ಕಾಣುತ್ತವೆ. ಅಳಿಸಿ, ಆ ಕೆಂಪು ಚೌಕ ತೆಗೆದು, ಆಮೇಲೆ ಸೇವ್ ಮಾಡುತ್ತೇನೆ.

ಇನ್ನೊಂದು ವಿಷಯ, ಚಿತ್ರದ ಒಳಗಿನ ತೂತುಗಳು. ಜೇಡದ ಎರಡು ಕಾಲುಗಳ ನಡುವೆ ಸಾಸಿವೆಯಷ್ಟು ಜಾಗ ಇರುತ್ತದೆ. ಅದೂ ಬ್ಯಾಕ್‌ಗ್ರೌಂಡ್ ಜೊತೆ ಖಾಲಿಯಾಗುತ್ತದೆ. ಮಿಷನ್ ಅದನ್ನೂ ಕತ್ತರಿಸಲು ಹೋಗುತ್ತದೆ. ಅಷ್ಟು ಚಿಕ್ಕ ತುಂಡು ಸರಿಯಾಗಿ ಬಿಡುವುದಿಲ್ಲ, ಪಕ್ಕದ ಕಾಲನ್ನೂ ಎಳೆದುಕೊಂಡು ಏಳುತ್ತದೆ. ಒಳಗಿನ ತೂತುಗಳನ್ನು ಬಿಳಿ ಬಣ್ಣದಿಂದ ತುಂಬಿಬಿಡಿ. ಇಲ್ಲವೇ ಸಾಫ್ಟ್‌ವೇರಿನಲ್ಲಿ ಹೊರಗಿನ ಅಂಚು ಮಾತ್ರ ತೆಗೆದುಕೊಳ್ಳುವ ಆಯ್ಕೆ ಇದ್ದರೆ ಅದನ್ನು ಒತ್ತಿ. ಸಿಲೂಯೆಟ್ ಮಿಷನ್ನುಗಳ ಸಾಫ್ಟ್‌ವೇರ್ ಆದ ಸಿಲೂಯೆಟ್ ಸ್ಟುಡಿಯೋದಲ್ಲಿ ಟ್ರೇಸ್ ಔಟರ್ ಎಡ್ಜ್ ಅಂತ ಇದೆ.

ಅಂಚು ಬಿಡುವುದೋ, ಬಣ್ಣ ಹರಡುವುದೋ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದ ಜಾಗ ಇದೇ.

ಎಷ್ಟೇ ಹುಷಾರಾಗಿ ಮಾಡಿದರೂ ಅರ್ಧ ಮಿಲಿಮೀಟರ್ ಆಚೀಚೆ ಆಗಿಯೇ ಆಗುತ್ತದೆ. ಆ ಅರ್ಧ ಮಿ.ಮೀ. ಕಾಣದ ಹಾಗೆ ಮಾಡುವುದು ನಮ್ಮ ಕೈಯಲ್ಲಿದೆ. ಚಿತ್ರದ ಅಂಚಿನ ಮೇಲೇ ಸರಿಯಾಗಿ ಬ್ಲೇಡ್ ಓಡಲಿ ಅಂತ ಬಿಟ್ಟರೆ, ಒಂದು ಕಡೆ ಬಣ್ಣ ಕತ್ತರಿಸಿ ಹೋಗುತ್ತದೆ, ಇನ್ನೊಂದು ಕಡೆ ಕೂದಲೆಳೆಯಷ್ಟು ಬಿಳಿ ಗೆರೆ ಉಳಿಯುತ್ತದೆ. ಆ ಬಿಳಿ ಗೆರೆ ಇದೆಯಲ್ಲ, ಅದು ಕಣ್ಣಿಗೆ ಚುಚ್ಚಿದ ಹಾಗೆ ಕಾಣುತ್ತದೆ.

ಇದಕ್ಕೆ ಎರಡು ದಾರಿ. ಮೊದಲನೆಯದು ಆಫ್‌ಸೆಟ್. ಚಿತ್ರದ ಸುತ್ತ ಬೇಕು ಅಂತಲೇ ಬಿಳಿ ಅಂಚು ಬಿಟ್ಟು ಅದರ ಹೊರಗೆ ಕತ್ತರಿಸುವುದು. ಡಿಸೈನ್ ಸ್ಪೇಸಿನಲ್ಲೂ ಸಿಲೂಯೆಟ್ ಸ್ಟುಡಿಯೋದಲ್ಲೂ ಆಫ್‌ಸೆಟ್ ಅನ್ನುವ ಬಟನ್ ಇದೆ. ಎಷ್ಟು ಬಿಡಬೇಕು? ಒಂದು ಮಿ.ಮೀ. ಬಿಟ್ಟಿರಿ ಅಂದುಕೊಳ್ಳಿ. ಅರ್ಧ ಮಿ.ಮೀ. ಸರಿದರೆ ಒಂದು ಕಡೆ ಅರ್ಧ, ಇನ್ನೊಂದು ಕಡೆ ಒಂದೂವರೆ ಆಗುತ್ತದೆ. ಮೂರು ಪಟ್ಟು ವ್ಯತ್ಯಾಸ. ಯಾರಿಗಾದರೂ ಕಾಣುತ್ತದೆ. ಮೂರು ಮಿ.ಮೀ. ಬಿಟ್ಟಿದ್ದರೆ ಅದೇ ತಪ್ಪು ಎರಡೂವರೆ ಮತ್ತು ಮೂರೂವರೆ ಆಗುತ್ತದೆ. ಯಾರೂ ಸ್ಕೇಲ್ ಇಟ್ಟು ಅಳೆಯುವುದಿಲ್ಲ. ಹಾಗಾಗಿ ಸಪೂರ ಅಂಚೇ ಅಂದ ಅನ್ನುವ ಆಸೆಯನ್ನು ಹೊಸಬರು ಸ್ವಲ್ಪ ದಿನ ಬದಿಗಿಡುವುದು ಒಳ್ಳೆಯದು. ನಾನು ಈಗಲೂ ಎರಡು ಮಿ.ಮೀ.ಗಿಂತ ಕಡಿಮೆ ಇಡುವುದಿಲ್ಲ.

ಎರಡನೆಯ ದಾರಿ ಬ್ಲೀಡ್. ಬಿಳಿ ಅಂಚೇ ಬೇಡ, ಬಣ್ಣ ತುದಿಯವರೆಗೂ ಇರಲಿ ಅನ್ನುವವರಿಗೆ. ಕತ್ತರಿಸುವ ಗೆರೆಯಿಂದ ಒಂದೆರಡು ಮಿ.ಮೀ. ಹೊರಗೂ ಅದೇ ಬಣ್ಣ ಹರಡಿರುತ್ತದೆ. ಬ್ಲೇಡ್ ಸ್ವಲ್ಪ ಆ ಕಡೆ ಹೋದರೂ ಈ ಕಡೆ ಹೋದರೂ ಕತ್ತರಿಸುವುದು ಬಣ್ಣವನ್ನೇ. ಕ್ರಿಕಟ್‌ನಲ್ಲಿ ಪ್ರಿಂಟ್ ಕೊಡುವ ಕಿಟಕಿಯಲ್ಲೇ ಇದಕ್ಕೆ ಆಯ್ಕೆ ಇದೆ. ಇದನ್ನು ಹಾಕಿದರೆ ಪ್ರಿಂಟ್ ಆಗಿ ಬಂದ ಹಾಳೆಯಲ್ಲಿ ಚಿತ್ರದ ಅಂಚು ಕಲಸಿದ ಹಾಗೆ, ಮಸುಕಾಗಿ ಕಾಣುತ್ತದೆ. ಮೊದಲ ಸಲ ನೋಡಿ ಪ್ರಿಂಟರ್ ಕೆಟ್ಟಿತು ಅಂತ ನಾನು ಹಾಳೆಯನ್ನೇ ಬಿಸಾಡಿದ್ದೆ! ಅದು ಹಾಗೇ ಇರಬೇಕು. ಆ ಮಸುಕು ಭಾಗ ಕತ್ತರಿಸಿ ಹೋಗುತ್ತದೆ.

ನನ್ನ ಆಯ್ಕೆ ಹೀಗೆ: ಗುಂಡಗಿನ, ಒಂದೇ ಬಣ್ಣದ ಅಂಚಿರುವ ಲೇಬಲ್ಲುಗಳಿಗೆ ಬ್ಲೀಡ್. ಕಾಲು, ಮೀಸೆ, ಬಾಲ ಇರುವ ಹುಳುಗಳಿಗೆ ಆಫ್‌ಸೆಟ್. ಚಿಟ್ಟೆಯ ಮೀಸೆಯನ್ನು ಅದರ ಅಂಚಿನಲ್ಲೇ ಕತ್ತರಿಸಿದರೆ ಅದು ದಾರದಷ್ಟು ಸಪೂರವಾಗಿ ನಿಲ್ಲುತ್ತದೆ, ಸ್ಟಿಕರ್ ಬಿಡಿಸುವಾಗಲೇ ಹರಿಯುತ್ತದೆ. ಎರಡು ಮೂರು ಮಿ.ಮೀ. ಆಫ್‌ಸೆಟ್ ಹಾಕಿದರೆ ಎರಡೂ ಮೀಸೆ ಸೇರಿ ಒಂದು ದಪ್ಪ ಅಂಚಿನೊಳಗೆ ಕೂರುತ್ತವೆ. ಒಳಮುಖವಾಗಿ ಚೂಪಾಗಿರುವ ಮೂಲೆಗಳಲ್ಲಿ ಬ್ಲೇಡ್ ತಿರುಗುವಾಗ ಕಾಗದವನ್ನು ಕೆದಕುತ್ತದೆ. ಆಫ್‌ಸೆಟ್‌ನಲ್ಲಿ ಮೂಲೆ ದುಂಡಗಾಗಿಸುವ ಆಯ್ಕೆ ಕೊಟ್ಟಿದ್ದರೆ ಹಾಕಿಕೊಳ್ಳಿ.

ಚಿತ್ರ, ಹೆಸರು, ಬಣ್ಣದ ಪಟ್ಟಿ ಅಂತ ಹಲವು ಪದರ ಇದ್ದರೆ ಡಿಸೈನ್ ಸ್ಪೇಸಿನಲ್ಲಿ ಎಲ್ಲವನ್ನೂ ಆರಿಸಿ ಫ್ಲಾಟನ್ ಮಾಡಬೇಕು, ಅಂದರೆ ಎಲ್ಲ ಪದರ ಸೇರಿಸಿ ಒಂದೇ ಚಿತ್ರ ಮಾಡಬೇಕು. ಇಲ್ಲದಿದ್ದರೆ ಮಿಷನ್ ಹೆಸರಿನ ಒಂದೊಂದು ಅಕ್ಷರವನ್ನೂ ಕತ್ತರಿಸುವ ಯೋಚನೆ ಮಾಡುತ್ತದೆ.

ಪ್ರಿಂಟ್ ಕೊಡುವ ಮುಂಚೆ

ಹಾಳೆಯ ಗಾತ್ರ ಮೊದಲು. ಎ4 ಹಾಳೆ 210 × 297 ಮಿ.ಮೀ. ಲೆಟರ್ ಹಾಳೆ 216 × 279 ಮಿ.ಮೀ. ಪಕ್ಕಪಕ್ಕ ಇಡದಿದ್ದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಾಫ್ಟ್‌ವೇರಿನಲ್ಲಿ ಲೆಟರ್ ಅಂತಿದ್ದು, ಪ್ರಿಂಟರಿನಲ್ಲಿ ಎ4 ಇದ್ದರೆ, ಪ್ರಿಂಟರ್ ತಾನೇ ಬುದ್ಧಿವಂತಿಕೆ ತೋರಿಸಿ ಚಿತ್ರವನ್ನು ಹಾಳೆಗೆ ಹೊಂದುವ ಹಾಗೆ ಕುಗ್ಗಿಸಬಹುದು. ನನ್ನ ಏರೋಪ್ಲೇನ್ ಚಿಟ್ಟೆಯ ಬಾಲ ಹೋಗಿದ್ದು ಇದರಿಂದಲೇ. ಹಾಳೆಗೆ ಹೊಂದಿಸು ಅನ್ನುವ ಟಿಕ್ ಇತ್ತು, ನಾನು ನೋಡಿರಲಿಲ್ಲ. 97 ಪರ್ಸೆಂಟ್ ಗಾತ್ರಕ್ಕೆ ಪ್ರಿಂಟ್ ಆದರೆ 200 ಮಿ.ಮೀ. ಉದ್ದದಲ್ಲಿ 6 ಮಿ.ಮೀ. ಕಡಿಮೆಯಾಗುತ್ತದೆ. ಬಾಲ ಹೋಗಲು ಅಷ್ಟು ಧಾರಾಳ ಸಾಕು.

ಹಾಗಾಗಿ ಪ್ರಿಂಟ್ ಕಿಟಕಿಯಲ್ಲಿ 100 ಪರ್ಸೆಂಟ್ ಅಥವಾ ಆಕ್ಚುವಲ್ ಸೈಜ್ ಅಂತಲೇ ಇರಬೇಕು. ಪ್ರಿಂಟ್ ಆದ ಮೇಲೆ ಸ್ಕೇಲ್ ತೆಗೆದುಕೊಂಡು ಗುರುತಿನಿಂದ ಗುರುತಿಗೆ ಎಷ್ಟಿದೆ ಅಳೆಯಿರಿ. ಸಾಫ್ಟ್‌ವೇರಿನಲ್ಲಿ ಇರುವ ಅಳತೆಯೇ ಬರಬೇಕು. ಅರ್ಧ ನಿಮಿಷದ ಕೆಲಸ. ಸ್ಟಿಕರ್ ಹಾಳೆಗೆ ಮೊದಲು ಮಾಮೂಲಿ ಕಾಗದದಲ್ಲಿ ಒಂದು ಪ್ರತಿ ತೆಗೆದು ನೋಡಿದರೆ ಇನ್ನೂ ಒಳ್ಳೆಯದು.

ಸಿಲೂಯೆಟ್ ಬಳಸುವವರು ಗುರುತುಗಳನ್ನು ಮೊದಲೇ ಆನ್ ಮಾಡಿ, ಆಮೇಲೆ ಚಿತ್ರ ಜೋಡಿಸಿ. ಗುರುತಿನ ಸುತ್ತ ಅಡ್ಡಗೆರೆ ಹಾಕಿದ ಜಾಗ ಕಾಣುತ್ತದೆ. ಅಲ್ಲಿ ಏನನ್ನೂ ಇಡಬೇಡಿ. ಚಿತ್ರದ ಬಣ್ಣವನ್ನೇ ಸೆನ್ಸರ್ ಗುರುತು ಅಂದುಕೊಂಡು ಗೊಂದಲ ಮಾಡಿಕೊಳ್ಳುತ್ತದೆ. ಚಿತ್ರಗಳ ನಡುವೆ 4–5 ಮಿ.ಮೀ. ಬಿಡಿ. ಹಾಳೆ ಉಳಿಸಲು ಒತ್ತೊತ್ತಾಗಿ ಇಟ್ಟರೆ ನಡುವೆ ಉಳಿಯುವ ಸಪೂರ ಕಾಗದ ಎದ್ದು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ತುಂಬಾ ನಾಜೂಕಾದ ಚಿತ್ರಗಳನ್ನು ಹಾಳೆಯ ಅಂಚಿಗೆ ತಳ್ಳದೆ ನಡುವೆ ಇಡಿ.

ಇನ್ನೊಂದು, ದಯವಿಟ್ಟು ನೆನಪಿಡಿ: ಪ್ರಿಂಟ್ ಕೊಟ್ಟ ಮೇಲೆ ಸ್ಕ್ರೀನಿನಲ್ಲಿ ಏನನ್ನೂ ಮುಟ್ಟಬೇಡಿ. ಒಂದು ಸಲ ಪ್ರಿಂಟ್ ಆಗುತ್ತಿರುವಾಗ ಸುಮ್ನೆ ನೋಡುತ್ತಾ ಕೂತಿದ್ದೆ. ಒಂದು ಜೀರುಂಡೆ ಸ್ವಲ್ಪ ಕೆಳಗಿದೆ ಅನ್ನಿಸಿತು. ಎಳೆದು ಸಾಲಿಗೆ ತಂದೆ. ಹಾಳೆಯ ಮೇಲೆ ಜೀರುಂಡೆ ಹಳೆಯ ಜಾಗದಲ್ಲಿದೆ, ಬ್ಲೇಡ್ ಹೋಗಿದ್ದು ಹೊಸ ಜಾಗಕ್ಕೆ. ಇಪ್ಪತ್ಮೂರು ಹುಳು ಸರಿಯಾಗಿ ಬಂದವು, ಆ ಒಂದು ಜೀರುಂಡೆಯ ತಲೆ ಮಾತ್ರ ಹೋಯಿತು.

ಶಾಯಿ ಮತ್ತು ಹಾಳೆ

ಇಂಕ್‌ಜೆಟ್ ಪ್ರಿಂಟರಿಗೆ ಇಂಕ್‌ಜೆಟ್ ಹಾಳೆ, ಲೇಸರ್ ಪ್ರಿಂಟರಿಗೆ ಲೇಸರ್ ಹಾಳೆ. ಇದರಲ್ಲಿ ರಾಜಿ ಬೇಡ. ಲೇಸರ್ ಪ್ರಿಂಟರ್ ಒಳಗೆ ತುಂಬಾ ಬಿಸಿಯಾಗುತ್ತದೆ. ಆ ಬಿಸಿಗೆ ಮಾಡಿರದ ಪ್ಲಾಸ್ಟಿಕ್ ಸ್ಟಿಕರ್ ಹಾಳೆ ಒಳಗೇ ಕರಗಿ ಅಂಟಿಕೊಂಡರೆ ಹಾಳೆಯ ಜೊತೆ ಪ್ರಿಂಟರಿಗೂ ಕುತ್ತು.

ಇಂಕ್‌ಜೆಟ್ ಹಾಳೆಗೆ ಒಂದೇ ಕಡೆ ಲೇಪ ಇರುತ್ತದೆ. ಯಾವ ಕಡೆ ಅಂತ ಗೊತ್ತಾಗದಿದ್ದರೆ ಬೆರಳ ತುದಿ ಸ್ವಲ್ಪ ಒದ್ದೆ ಮಾಡಿಕೊಂಡು ಒಂದು ಮೂಲೆ ಮುಟ್ಟಿ. ಲೇಪ ಇರುವ ಕಡೆ ಬೆರಳಿಗೆ ಸ್ವಲ್ಪ ಅಂಟಿದ ಹಾಗಾಗುತ್ತದೆ. ಇಂಕ್‌ಜೆಟ್ ಶಾಯಿಯಲ್ಲೂ ಎರಡು ಬಗೆ. ಡೈ ಶಾಯಿ ನೀರು ಬಿದ್ದರೆ ಬೇಗ ಹರಡುತ್ತದೆ. ಪಿಗ್ಮೆಂಟ್ ಶಾಯಿ ಹೆಚ್ಚು ತಡೆಯುತ್ತದೆ. ನೀರಿನ ಬಾಟಲಿಗೆ ಅಂಟಿಸುವ ಸ್ಟಿಕರ್ ಆದರೆ ಯಾವ ಶಾಯಿಯಾದರೂ ಮೇಲೆ ಲ್ಯಾಮಿನೇಶನ್ ಹಾಳೆ ಹಾಕುವುದೇ ಕ್ಷೇಮ.

ಒಣಗಲು ಬಿಡಿ. ಮುಟ್ಟಿದರೆ ಒಣಗಿದ ಹಾಗೆ ಅನ್ನಿಸುತ್ತದೆ, ಆದರೆ ಗಾಢ ಬಣ್ಣ ಜಾಸ್ತಿ ಇದ್ದರೆ ಒಳಗೆ ಇನ್ನೂ ಹಸಿ ಇರುತ್ತದೆ. ಬರೀ ಕತ್ತರಿಸುವುದಾದರೆ ನಾನು ಅರ್ಧ ಗಂಟೆ ಬಿಡುತ್ತೇನೆ. ಲ್ಯಾಮಿನೇಶನ್ ಹಾಕುವುದಾದರೆ ಒಂದು ರಾತ್ರಿ. ಹತ್ತೇ ನಿಮಿಷಕ್ಕೆ ಹಾಕಿದ ಹಾಳೆಯೊಂದು ಇನ್ನೂ ನನ್ನ ಹತ್ತಿರ ಇದೆ. ಪ್ಲಾಸ್ಟಿಕ್ಕಿನ ಕೆಳಗೆ ಗುಳ್ಳೆ ಎದ್ದು, ಕಿತ್ತಳೆ ಬಣ್ಣದ ಬಾಲ ಪಕ್ಕದ ನೀಲಿ ರೆಕ್ಕೆಗೆ ಹರಿದು ಮಣ್ಣಿನ ಬಣ್ಣವಾಗಿದೆ. ಮಗಳಿಗೆ ಅದೇ ಇಷ್ಟ.

ಸೆನ್ಸರಿಗೆ ಗುರುತು ಕಾಣದಿದ್ದರೆ

ಎಲ್ಲ ಸರಿ ಮಾಡಿ ಹಾಳೆ ಕೊಡುತ್ತೀರಿ. ಮಿಷನ್ ಹಿಂದೆ ಮುಂದೆ ಓಡಾಡುತ್ತದೆ, ಹುಡುಕುತ್ತದೆ, ಕೊನೆಗೆ ಗುರುತು ಸಿಗಲಿಲ್ಲ ಅನ್ನುತ್ತದೆ. ಹತ್ತಕ್ಕೆ ಎಂಟು ಸಲ ಕಾರಣ ಹೊಳಪು. ಸೆನ್ಸರ್ ತನ್ನ ಬೆಳಕು ಎಷ್ಟು ವಾಪಸ್ ಬಂತು ಅನ್ನುವುದರ ಮೇಲೆ ಕಪ್ಪು ಬಿಳಿ ಗುರುತಿಸುತ್ತದೆ. ಮಿರಿಮಿರಿ ಮಿಂಚುವ ಹಾಳೆಯಲ್ಲಿ ಕಪ್ಪು ಗುರುತೂ ಬೆಳಕನ್ನು ವಾಪಸ್ ಎಸೆಯುತ್ತದೆ. ಅದಕ್ಕೆ ಕಪ್ಪು ಕಪ್ಪಾಗಿ ಕಾಣುವುದೇ ಇಲ್ಲ.

ಸುಲಭದ ಮದ್ದು, ಗುರುತುಗಳ ಮೇಲೆ ಹೊಳಪಿಲ್ಲದ ಟೇಪ್ ಅಂಟಿಸುವುದು. ಮಿಂಚುವ ಟೇಪ್ ಅಲ್ಲ, ಪೆನ್ನಿನಲ್ಲಿ ಬರೆಯಬಹುದಾದ ಆ ಮಬ್ಬು ಟೇಪ್. ಸುಕ್ಕಿಲ್ಲದೆ ಒಂದೇ ಪಟ್ಟಿ ಅಂಟಿಸಿ. ಲ್ಯಾಮಿನೇಶನ್ ಹಾಕುವವರು ಇನ್ನೂ ಸರಳವಾಗಿ, ಪ್ಲಾಸ್ಟಿಕ್ ಹಾಳೆಯನ್ನು ಗುರುತುಗಳಿಗಿಂತ ಒಳಗೆ ಬರುವ ಹಾಗೆ ಚಿಕ್ಕದಾಗಿ ಕತ್ತರಿಸಿ ಹಾಕಬಹುದು. ಚಿತ್ರಗಳ ಮೇಲೆ ಮಾತ್ರ ಇರಲಿ, ಗುರುತುಗಳು ಬಯಲಲ್ಲಿರಲಿ.

ಹೊಳಪಿಲ್ಲದಿದ್ದರೂ ಸಿಗುತ್ತಿಲ್ಲವೇ? ಕೋಣೆಯ ಬೆಳಕು ನೋಡಿ. ಕಿಟಕಿಯಿಂದ ಬಿಸಿಲು ನೇರವಾಗಿ ಮಿಷನ್ನಿನ ಮೇಲೆ ಬೀಳುತ್ತಿದ್ದರೆ, ಟೇಬಲ್ ಲ್ಯಾಂಪ್ ಮೇಲೆಯೇ ಇದ್ದರೆ, ಸೆನ್ಸರಿಗೆ ಕಣ್ಣು ಕೋರೈಸುತ್ತದೆ. ನಾನು ಒಂದು ರಟ್ಟಿನ ತುಂಡು ಹಿಡಿದು ನೆರಳು ಮಾಡಿಕೊಂಡು ನಿಲ್ಲುತ್ತೇನೆ. ನೋಡಿದವರು ನಗುತ್ತಾರೆ, ಆದರೆ ಕೆಲಸ ನಡೆಯುತ್ತದೆ. ಶಾಯಿ ಕಡಿಮೆಯಾಗಿ ಗುರುತು ಬೂದು ಬಣ್ಣಕ್ಕೆ ಬಂದಿದ್ದರೆ ಕಪ್ಪು ಮಾರ್ಕರಿನಲ್ಲಿ ಮೇಲೆ ತೀಡಬಹುದು. ಗೆರೆಯ ಹೊರಗೆ ಹೋಗಬಾರದು, ಗುರುತು ದಪ್ಪವಾದರೆ ಲೆಕ್ಕವೂ ತಪ್ಪುತ್ತದೆ. ಸೆನ್ಸರಿನ ಮೇಲೆ ಕಾಗದದ ಧೂಳು ಕೂತಿದ್ದರೆ ಒಣ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಒರೆಸಿ.

ಮ್ಯಾಟ್ ಮತ್ತು ಬ್ಲೇಡ್

ಮ್ಯಾಟ್ ಅಂದರೆ ಕತ್ತರಿಸುವಾಗ ಹಾಳೆಯನ್ನು ಹಿಡಿದುಕೊಳ್ಳುವ, ಮೇಲೆ ಅಂಟಿರುವ ಹಲಗೆಯಂಥ ಹಾಳೆ. ಹಾಳೆಯನ್ನು ಮ್ಯಾಟಿನ ಎಡ ಮೇಲ್ಮೂಲೆಗೆ, ಗೆರೆಗೆ ಸರಿಯಾಗಿ ಅಂಟಿಸಿ. ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ. ಹೊಸ ಮ್ಯಾಟಿನ ಅಂಟು ತೆಳು ಕಾಗದಕ್ಕೆ ಜಾಸ್ತಿ. ಒಗೆದ ಹತ್ತಿ ಬಟ್ಟೆಯನ್ನು ಎರಡು ಮೂರು ಸಲ ಒತ್ತಿ ತೆಗೆದರೆ ಅಂಟು ಹದಕ್ಕೆ ಬರುತ್ತದೆ. ಹಳೆಯ ಮ್ಯಾಟ್ ಆದರೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಸೋಪು ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸದೆ ಗಾಳಿಗೆ ಒಣಗಿಸಿ. ಕಸ ಹೋಗಿ ಅಂಟು ತಕ್ಕಮಟ್ಟಿಗೆ ವಾಪಸ್ ಬರುತ್ತದೆ. ಮ್ಯಾಟ್ ಒಳಗೆ ಬಿಡುವಾಗ ಎರಡೂ ಕಡೆ ಒಂದೇ ಸಮ ತಾಗುವ ಹಾಗೆ ತಳ್ಳಿ.

ಸ್ಟಿಕರಿಗೆ ಕತ್ತರಿಸುವುದು ಎರಡು ರೀತಿ. ಮೇಲಿನ ಪದರ ಮಾತ್ರ ಕತ್ತರಿಸಿ ಹಿಂದಿನ ಕಾಗದ ಹಾಗೇ ಬಿಡುವುದು ಕಿಸ್ ಕಟ್. ಎರಡನ್ನೂ ಸೇರಿಸಿ ಕತ್ತರಿಸುವುದು ಡೈ ಕಟ್. ಕಿಸ್ ಕಟ್ಟಿನ ಹದ ಸಿಗಲು ತಾಳ್ಮೆ ಬೇಕು. ಹಾಳೆಯ ಒಂದು ಮೂಲೆಯಲ್ಲಿ ಒಂದು ಸೆಂ.ಮೀ. ಚೌಕ ಟೆಸ್ಟ್ ಕಟ್ ಮಾಡಿ. ಉಗುರಿನಿಂದ ಎಬ್ಬಿಸಿ ನೋಡಿ. ಚೌಕ ತಾನೇ ಎದ್ದು ಬರಬೇಕು, ಹಿಂದಿನ ಕಾಗದದ ಮೇಲೆ ಉಗುರು ಗೀರಿದಷ್ಟು ತೆಳು ಗೆರೆ ಮಾತ್ರ ಕಾಣಬೇಕು. ಹಾಳೆಯ ಹಿಂಬದಿಗೆ ಬೆರಳಾಡಿಸಿ. ಗೆರೆ ಕೈಗೆ ತಾಗಿದರೆ ಒತ್ತಡ ಜಾಸ್ತಿ. ಚೌಕದ ಮೂಲೆ ಹಿಡಿದುಕೊಂಡಿದ್ದರೆ ಕಡಿಮೆ. ಒಂದು ಸಲಕ್ಕೆ ಒಂದೇ ಮೆಟ್ಟಿಲು ಏರಿಸಿ. ದಪ್ಪ ಹಾಳೆಗೆ ಜೋರಾಗಿ ಒಂದು ಸಲ ಓಡಿಸುವುದಕ್ಕಿಂತ ಮೆಲ್ಲಗೆ ಎರಡು ಸಲ ಓಡಿಸಿದರೆ ಅಂಚು ನೀಟಾಗಿ ಬರುತ್ತದೆ.

ಸ್ಟಿಕರಿನ ಅಂಟು ಬ್ಲೇಡಿನ ತುದಿಗೆ ಮೆತ್ತಿಕೊಳ್ಳುತ್ತದೆ. ಅಂಚು ಹಲ್ಲು ಹಲ್ಲಾಗಿ ಬರಲು ಶುರುವಾದರೆ ಬ್ಲೇಡ್ ಮೊಂಡಾಯಿತು ಅಂತ ಎಸೆಯಬೇಡಿ. ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ, ಬ್ಲೇಡನ್ನು ಹಿಡಿಕೆಯ ಸಮೇತ ಹಿಡಿದು ಹತ್ತಿಪ್ಪತ್ತು ಸಲ ಚುಚ್ಚಿ ತೆಗೆಯಿರಿ. ಕೊಳೆ ಬಿಟ್ಟುಹೋಗುತ್ತದೆ. ಬೆರಳು ಜೋಪಾನ.

ಕತ್ತರಿಸಿ ಮುಗಿದ ತಕ್ಷಣ ಮ್ಯಾಟ್ ಹೊರಗೆ ತೆಗೆಯಬೇಡಿ. ಚಿಮುಟದಿಂದ ಒಂದು ಚಿತ್ರದ ಮೂಲೆ ಎಬ್ಬಿಸಿ ನೋಡಿ. ಕತ್ತರಿಸಿಲ್ಲ ಅಂದರೆ ಕ್ರಿಕಟ್‌ನಲ್ಲಿ ಗೋ ಬಟನ್ ಮತ್ತೆ ಒತ್ತಿದರೆ ಅದೇ ಗೆರೆಯ ಮೇಲೆ ಇನ್ನೊಂದು ಸಲ ಓಡುತ್ತದೆ. ಹೊರಗೆ ತೆಗೆದುಬಿಟ್ಟರೆ ಆ ಅವಕಾಶ ಹೋಯಿತು.

ಬಿಡಿಸುವಾಗ ಕಾಗದವನ್ನು ಮ್ಯಾಟಿನಿಂದ ಎಳೆಯಬೇಡಿ, ಸುರುಳಿ ಸುತ್ತುತ್ತದೆ. ಮ್ಯಾಟನ್ನು ಬೋರಲು ಮಾಡಿ, ಮ್ಯಾಟನ್ನೇ ಬಗ್ಗಿಸಿ ಕಾಗದದಿಂದ ಬಿಡಿಸಿ.

ತಪ್ಪು ಎಲ್ಲಿ ಅಂತ ಹಾಳೆಯೇ ಹೇಳುತ್ತದೆ

ಸರಿದು ಕತ್ತರಿಸಿದ ಕೂಡಲೇ ಎಲ್ಲರೂ ಕ್ಯಾಲಿಬ್ರೇಶನ್, ಅಂದರೆ ಗುರುತು ನೋಡಿ ಬ್ಲೇಡ್ ಸರಿಯಾದ ಜಾಗಕ್ಕೆ ಹೋಗುವ ಹಾಗೆ ಮಿಷನ್ನಿನ ಅಳತೆ ಹೊಂದಿಸುವ ಕೆಲಸ, ಮಾಡಲು ಓಡುತ್ತಾರೆ. ನಾನೂ ಬಾಲ ಹೋದ ದಿನ ಮೂರು ಸಲ ಮಾಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ತಪ್ಪು ಪ್ರಿಂಟಿನಲ್ಲಿತ್ತು, ಬರೆ ಮಿಷನ್ನಿಗೆ ಬಿತ್ತು. ಆಮೇಲೆ ಸರಿಯಾಗಿ ಪ್ರಿಂಟ್ ಮಾಡಿದರೂ ತಪ್ಪಾಗಿಯೇ ಕತ್ತರಿಸುತ್ತಿತ್ತು, ಯಾಕೆಂದರೆ ಕ್ಯಾಲಿಬ್ರೇಶನ್ ಹಾಳೆಯೂ ಕುಗ್ಗಿಯೇ ಬಂದಿತ್ತಲ್ಲ!

ಈಗ ಮೊದಲು ಹಾಳೆಯನ್ನು ನೋಡುತ್ತೇನೆ. ನಾಲ್ಕು ಮೂಲೆಯ ನಾಲ್ಕು ಚಿತ್ರ, ನಡುವಿನ ಒಂದು ಚಿತ್ರ. ಪ್ರತಿಯೊಂದರಲ್ಲೂ ಬ್ಲೇಡ್ ಯಾವ ಕಡೆಗೆ, ಎಷ್ಟು ಸರಿದಿದೆ ಅಂತ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬಾಣ ಹಾಕಿ ಬರೆಯುತ್ತೇನೆ. ಐದೂ ಬಾಣಗಳು ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಇದ್ದರೆ ಅದು ನಿಜವಾಗಿ ಕ್ಯಾಲಿಬ್ರೇಶನ್ ಕೆಲಸ. ಒಂದು ತುದಿಯಲ್ಲಿ ಸರಿಯಿದ್ದು ಇನ್ನೊಂದು ತುದಿಗೆ ಹೋಗುತ್ತಾ ಹೋಗುತ್ತಾ ತಪ್ಪು ಬೆಳೆಯುತ್ತಿದ್ದರೆ ಪ್ರಿಂಟಿನ ಗಾತ್ರ ಬದಲಾಗಿದೆ, ಸ್ಕೇಲ್ ತೆಗೆಯಿರಿ. ಮೊದಲು ಕತ್ತರಿಸಿದವೆಲ್ಲ ಸರಿಯಿದ್ದು ಅರ್ಧದಿಂದ ಒಮ್ಮೆಲೇ ತಪ್ಪಿದ್ದರೆ ಕಾಗದ ಮ್ಯಾಟಿನಿಂದ ಎದ್ದಿದೆ ಅಥವಾ ಮ್ಯಾಟ್ ಜಾರಿದೆ. ಚಿತ್ರದ ಸುತ್ತ ಗೆರೆ ಸರಿಯಾಗಿಯೇ ಇದ್ದು, ಶುರುವಾದ ಜಾಗಕ್ಕೆ ಬಂದು ಸೇರಿಲ್ಲ ಅಂದರೆ ಬ್ಲೇಡಿನ ತುದಿ ಕೊಳೆಯಾಗಿದೆಯೇ ನೋಡಿ.

ಕ್ಯಾಲಿಬ್ರೇಶನ್ ನಿಜವಾಗಿ ಬೇಕಾಗುವುದು ಹೊಸ ಮಿಷನ್ ಬಂದಾಗ, ಮಿಷನ್ ಸಾಗಿಸಿದಾಗ, ಇಲ್ಲವೇ ಎಲ್ಲ ಬಾಣಗಳೂ ಒಂದೇ ಕಡೆ ತೋರಿಸಿದಾಗ. ಕ್ರಿಕಟ್‌ನಲ್ಲಿ ಇದಕ್ಕೆ ಒಂದು ಹಾಳೆ ಪ್ರಿಂಟ್ ಆಗುತ್ತದೆ. ನಡುವೆ ಚಿಕ್ಕ ಚೌಕ, ಅಡ್ಡಕ್ಕೆ ಒಂದು ಸಾಲು ಗೆರೆಗಳು, ಉದ್ದಕ್ಕೆ ಇನ್ನೊಂದು ಸಾಲು. ಮಿಷನ್ ಮೊದಲು ಚೌಕ ಕತ್ತರಿಸುತ್ತದೆ, ಆಮೇಲೆ ಗೆರೆಗಳ ಮೇಲೆ ಕತ್ತರಿಸಿ, ಯಾವ ಗೆರೆಯ ಸರಿ ನಡುವೆ ಬ್ಲೇಡ್ ಹೋಗಿದೆ ಅಂತ ಕೇಳುತ್ತದೆ. ಇದನ್ನು ಮೇಲಿನಿಂದ ನೇರವಾಗಿ ನೋಡಿ ಹೇಳಬೇಕು. ಓರೆಯಾಗಿ ನೋಡಿದರೆ ಪಕ್ಕದ ಗೆರೆ ಸರಿ ಅನ್ನಿಸುತ್ತದೆ. ನಾನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡುತ್ತೇನೆ, ಕನ್ನಡಕಕ್ಕಿಂತ ಅದೇ ವಾಸಿ. ಈ ಹಾಳೆಯೂ 100 ಪರ್ಸೆಂಟಿನಲ್ಲೇ ಪ್ರಿಂಟ್ ಆಗಿರಬೇಕು ಅಂತ ಬೇರೆ ಹೇಳಬೇಕಿಲ್ಲ.

ಏರೋಪ್ಲೇನ್ ಚಿಟ್ಟೆ ನಾಲ್ಕನೇ ಹಾಳೆಗೆ ಬಾಲದ ಸಮೇತ ಬಂತು. ಈಗ ಮಗಳು ಜರಿಹುಳ ಬಿಡಿಸಿ ತಂದಿದ್ದಾಳೆ. ಒಂದೊಂದು ಕಡೆಗೆ ಇಪ್ಪತ್ತೊಂದು ಕಾಲು, ಎಣಿಸಿ ಹಾಕಿದ್ದಾಳಂತೆ. ಮೂರು ಮಿ.ಮೀ. ಆಫ್‌ಸೆಟ್ ಹಾಕಿದರೆ ಕಾಲೆಲ್ಲ ಒಂದೇ ಅಂಚಿನೊಳಗೆ ಬರುತ್ತವೆ ಅಂದೆ. ಒಪ್ಪಲಿಲ್ಲ. ಒಂದೊಂದು ಕಾಲೂ ಬೇರೆ ಬೇರೆ ಕಾಣಬೇಕಂತೆ. ಕೈಗೆ ಕತ್ತರಿ ಕೊಟ್ಟಿದ್ದೇನೆ. ಸದ್ಯಕ್ಕೆ ಆರನೇ ಕಾಲಿನಲ್ಲಿದ್ದಾಳೆ.